ಉರುಟು ಮೂತಿಯೋ, ಚಪ್ಪಟೆ ಮೂತಿಯೋ: ಪಿಸ್ತೂಲಿನ ತೋಟೆ ಕಟ್ಟುವವರು ಗುಂಡು ಆರಿಸುವ ಬಗೆ

ಹಿತ್ತಾಳೆಯ ಕೇಸಿಗೆ ಕೇಪು, ಮದ್ದು, ಗುಂಡು ಕೂರಿಸಿ ನೂರು ತೋಟೆ ಕಟ್ಟಿ, ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿ, ಮರುದಿನ ರೇಂಜಿಗೆ ಹೋದರೆ ಮೊದಲನೆಯದೇ ನಳಿಗೆಯಲ್ಲಿ ಕಚ್ಚಿಕೊಂಡಿತು. ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದ ಜಾರುವ ತುಂಡು) ಪೂರ್ತಿ ಮುಚ್ಚಲಿಲ್ಲ, ಹಿಂದಕ್ಕೂ ಬರಲಿಲ್ಲ. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದುಕೊಂಡು ಬಲವಾಗಿ ಎಳೆದಾಗ ಹಿತ್ತಾಳೆಯ ಕೇಸ್ ಮಾತ್ರ ಕೈಗೆ ಬಂತು. ಗುಂಡು ನಳಿಗೆಯೊಳಗೇ ಉಳಿಯಿತು, ಮದ್ದು ಪಿಸ್ತೂಲಿನ ಹೊಟ್ಟೆಯೊಳಗೆಲ್ಲ ರಾಗಿಯಂತೆ ಚೆಲ್ಲಿಕೊಂಡಿತು. ನಾನೇನು ಕಣ್ಣಂದಾಜಿನಲ್ಲಿ ಕಟ್ಟಿದವನಲ್ಲ. ಕ್ಯಾಲಿಪರ್ ಹಿಡಿದು ಒಂದೊಂದನ್ನೂ 1.150 ಇಂಚಿಗೆ ತಂದಿದ್ದೆ. 9 ಎಂಎಂ ತೋಟೆಗೆ ಅನುಮತಿಸಿದ ಗರಿಷ್ಠ ಉದ್ದ 1.169 ಇಂಚು. ಅಂದರೆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ 1.150 ಎಂಬ ಅಂಕಿ ಉರುಟು ಮೂತಿಯ ಗುಂಡಿನದು. ನಾನು ಕೂರಿಸಿದ್ದು ಚಪ್ಪಟೆ ಮೂತಿಯದನ್ನು. ಉಳಿದ 99 ತೋಟೆಗಳನ್ನು ಸುತ್ತಿಗೆಯಂಥ ಪುಲ್ಲರ್‌ನಲ್ಲಿ ಕುಟ್ಟಿ ಬಿಡಿಸುವಷ್ಟರಲ್ಲಿ ಎರಡು ಸಂಜೆ ಕಳೆದವು.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ. ಇಲ್ಲಿ ಸ್ವಂತ ಬಳಕೆಗೆ ತೋಟೆ ಕಟ್ಟಿಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ, ಕಟ್ಟಿ ಮಾರುವವರಿಗೆ ಬೇಕು. ಭಾರತದ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಊರಲ್ಲಿ ಕುಳಿತು ಓದುವವರು ಇದನ್ನು ಓದಿನ ಮಟ್ಟಿಗೆ ಇಟ್ಟುಕೊಳ್ಳಬೇಕು. ಪದಗಳನ್ನು ಮಾತ್ರ ಊರಿನಿಂದಲೇ ತಂದಿದ್ದೇನೆ: ಮದ್ದು, ಕೇಪು, ನಳಿಗೆ, ತೋಟೆ. ಮಲೆನಾಡಿನಲ್ಲಿ ಬೆಳೆದವರಿಗೆ ಇವಕ್ಕೆ ಅರ್ಥ ಹೇಳಬೇಕಿಲ್ಲ. ಉಳಿದವರಿಗೆ: ಕೇಪು ಎಂದರೆ ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ, ನಳಿಗೆ ಎಂದರೆ ಗುಂಡು ಹೊರಹೋಗುವ ಕೊಳವೆ. ನಮ್ಮಜ್ಜನ ಹತ್ತಿರ ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದ ಒಂದು ಕೇಪಿನ ಕೋವಿಯಿತ್ತು. ಚುನಾವಣೆ ಬಂದಾಗಲೆಲ್ಲ ಅದು ಪೊಲೀಸ್ ಠಾಣೆಗೆ ಹೋಗಿ ಇದ್ದು ಬರುತ್ತಿತ್ತು. ಅಜ್ಜ ಮದ್ದು ಸುರಿದು, ನಾರು ತುರುಕಿ, ಗಜದಿಂದ, ಅಂದರೆ ಜಡಿಯುವ ಸಲಾಕೆಯಿಂದ, ಜಡಿದ ಮೇಲೆ ಗಜ ನಳಿಗೆಯಿಂದ ಎಷ್ಟು ಹೊರಗೆ ನಿಂತಿದೆ ಎಂದು ಬೆರಳಿಟ್ಟು ನೋಡುತ್ತಿದ್ದರು. ನಾಲ್ಕು ಬೆರಳಾದರೆ ಸರಿ, ಆರಾದರೆ ಬೈಗುಳ. ಒಳಗಿರುವುದನ್ನು ತಿಳಿಯಲು ಹೊರಗೆ ಉಳಿದದ್ದನ್ನು ಅಳೆಯುವ ಉಪಾಯ ಅದು. ಕ್ಯಾಲಿಪರ್ ಹಿಡಿದ ನಾವು ಮಾಡುವುದೂ ಅದನ್ನೇ. ವ್ಯತ್ಯಾಸವಿಷ್ಟೇ: ಅಜ್ಜನ ಗಜ ಒಂದೇ ಆಗಿತ್ತು, ನಮ್ಮ ಗುಂಡುಗಳು ಹತ್ತು ತರಹದವು.

ಹೊರಗಿನ ಉದ್ದ, ಒಳಗಿನ ಆಳ

ತೋಟೆಯ ಬುಡದಿಂದ ಗುಂಡಿನ ತುದಿಯವರೆಗಿನ ಅಳತೆ ಒಟ್ಟು ಉದ್ದ. ಕೈಪಿಡಿಗಳಲ್ಲಿ ದಪ್ಪಕ್ಷರದಲ್ಲಿ ಬರುವುದು ಇದೇ, ಹೊಸಬರು ನಂಬಿ ಕೂರುವುದೂ ಇದನ್ನೇ. ಆದರೆ ಮದ್ದಿಗಾಗಲಿ ನಳಿಗೆಗಾಗಲಿ ಈ ಉದ್ದದ ಪರಿವೆಯಿಲ್ಲ. ಗುಂಡಿನ ಬುಡ ಕೇಸಿನೊಳಗೆ ಎಷ್ಟು ಕೆಳಗಿಳಿದಿದೆ, ತನಗೆ ಉರಿಯಲು ಎಷ್ಟು ಜಾಗ ಉಳಿದಿದೆ ಎಂಬುದು ಮದ್ದಿನ ಚಿಂತೆ. ಗುಂಡಿನ ಪೂರ್ಣ ದಪ್ಪದ ಭಾಗ, ಅಂದರೆ ಭುಜ, ಕೇಸಿನ ಬಾಯಿಂದ ಎಷ್ಟು ಮುಂದೆ ಚಾಚಿದೆ ಎಂಬುದು ನಳಿಗೆಯ ಚಿಂತೆ. ಒಟ್ಟು ಉದ್ದದಿಂದ ನೇರವಾಗಿ ತಿಳಿಯುವ ಸಂಗತಿ ಒಂದೇ: ತೋಟೆ ಮ್ಯಾಗಜಿನ್ನಿನೊಳಗೆ (ಪಿಸ್ತೂಲಿನ ತೋಟೆ ತುಂಬುವ ಪೆಟ್ಟಿಗೆ) ಹಿಡಿಯುತ್ತದೆಯೋ ಇಲ್ಲವೋ.

ಆಳದ ಲೆಕ್ಕ ಕಷ್ಟದ್ದಲ್ಲ. ಕೇಸಿನ ಉದ್ದಕ್ಕೆ ಗುಂಡಿನ ಉದ್ದ ಕೂಡಿಸಿ ಒಟ್ಟು ಉದ್ದ ಕಳೆದರೆ ಕೂರಿಸಿದ ಆಳ ಸಿಗುತ್ತದೆ. 9 ಎಂಎಂ ಕೇಸಿನ ಉದ್ದ 0.754 ಇಂಚು. ನನ್ನ ಮೇಜಿನ ಮೇಲಿರುವ ಎರಡೂ ಗುಂಡುಗಳ ತೂಕ 124 ಗ್ರೇನ್, ಹತ್ತಿರ ಹತ್ತಿರ 8 ಗ್ರಾಂ. (ಗ್ರೇನ್ ಎಂದರೆ ಜವೆಗೋಧಿಯ ಕಾಳಿನಿಂದ ಹುಟ್ಟಿದ ತೂಕ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನ್ ತೂಗುತ್ತದೆ.) ಉರುಟು ಮೂತಿಯದು 0.590 ಇಂಚು ಉದ್ದ, ಚಪ್ಪಟೆಯದು 0.545. ತೂಕ ಒಂದೇ ಆದರೂ ಚೂಪಾಗುತ್ತ ಹೋಗುವ ಮೂತಿಗೆ ಉದ್ದ ಹೆಚ್ಚು ಬೇಕು, ಮೊಂಡ ಮೂತಿಗೆ ಕಡಿಮೆ ಸಾಕು.

ಉರುಟು ಮೂತಿಯದನ್ನು 1.150ಕ್ಕೆ ಕೂರಿಸಿದರೆ 0.194 ಇಂಚು ಕೇಸಿನೊಳಗೆ ಹೋಗುತ್ತದೆ. ಚಪ್ಪಟೆಯದನ್ನೂ ಅಷ್ಟೇ ಉದ್ದಕ್ಕೆ ಕೂರಿಸಿದರೆ ಒಳಗಿರುವುದು 0.149 ಮಾತ್ರ. ಜಾಗ ಹೆಚ್ಚು ಸಿಕ್ಕಿತಲ್ಲ, ಒಳ್ಳೆಯದೇ ಆಯಿತು ಎನಿಸುತ್ತದೆ. ಒಳಗೆ ಹೋಗದ ಭಾಗ ಎಲ್ಲಿದೆ ಎಂದು ನೋಡಿ: ಭುಜದ ರೂಪದಲ್ಲಿ ಬಾಯಿಂದ ಮುಂದೆ ಚಾಚಿಕೊಂಡಿದೆ, ನಳಿಗೆಯೊಳಗಿನ ಸುರುಳಿಗೀರು ಶುರುವಾಗುವಲ್ಲಿ ಹೋಗಿ ಢಿಕ್ಕಿ ಹೊಡೆಯುತ್ತದೆ. ನನ್ನ ನೂರು ತೋಟೆಗಳಿಗೆ ಆದದ್ದು ಇದೇ. ನನ್ನ ನಳಿಗೆ ಈ ಚಪ್ಪಟೆ ಗುಂಡನ್ನು ಒಪ್ಪಿಕೊಳ್ಳುವುದು 1.060ಕ್ಕೆ ಇಳಿಸಿದಾಗ. ಆಗ ಒಳಗಿನ ಆಳ 0.239. ಚಿಕ್ಕ ಗುಂಡು ಉದ್ದ ಗುಂಡಿಗಿಂತ 0.045 ಇಂಚು ಹೆಚ್ಚು ಆಳಕ್ಕೆ ಹೋಯಿತು. ಉರುಟು ಮೂತಿಯದಕ್ಕೆಂದು ಅಳೆದಿಟ್ಟ ಮದ್ದನ್ನೇ ಇದಕ್ಕೂ ಹಾಕಿಬಿಟ್ಟರೆ ಕೇಡು ಅಲ್ಲಿಂದ ಶುರುವಾಗುತ್ತದೆ.

ಇಂಚಿನ ಸಾವಿರದ ಒಂದು ಪಾಲನ್ನು ಇಲ್ಲಿಯವರು ‘ಥೌ’ ಎನ್ನುತ್ತಾರೆ. 45 ಥೌ ಎಂದರೆ ಎಷ್ಟು? ಜೇಬಿನಲ್ಲಿರುವ ಎಟಿಎಂ ಕಾರ್ಡ್ 30 ಥೌ ದಪ್ಪ, ಅದರ ಒಂದೂವರೆಪಟ್ಟು. ಅಷ್ಟಕ್ಕೇ ಏನಾದೀತು ಎನ್ನುವವರಿಗೆ ಗುಂಡು ತಯಾರಿಸುವ ಸ್ಪೀಯರ್ ಸಂಸ್ಥೆ ಹಿಂದೆ ಪ್ರಕಟಿಸಿದ ಒಂದು ಪರೀಕ್ಷೆಯ ಫಲಿತಾಂಶ ಹೇಳುತ್ತೇನೆ. 9 ಎಂಎಂನಲ್ಲಿ 28,000 ಸಿಯುಪಿ ಒತ್ತಡ ಕೊಡುತ್ತಿದ್ದ ತೋಟೆಯಲ್ಲಿ ಗುಂಡನ್ನು ಬೇಕೆಂದೇ 30 ಥೌ ಹೆಚ್ಚು ಆಳಕ್ಕೆ ಕೂರಿಸಿದಾಗ ಒತ್ತಡ 62,000 ಸಿಯುಪಿಗೆ ಜಿಗಿಯಿತು. ಸಿಯುಪಿ ಎಂಬುದು ತಾಮ್ರದ ತುಂಡು ಎಷ್ಟು ಜಜ್ಜಿತು ಎಂಬುದರಿಂದ ಒತ್ತಡ ಅಳೆಯುವ ಹಳೆಯ ಮಾನ; ಇಂದಿನ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ಎಲ್ಲ ಮದ್ದಿನಲ್ಲೂ ಏರಿಕೆ ಇಷ್ಟೇ ಇರುತ್ತದೆ ಎಂದೂ ಅಲ್ಲ. ಆದರೂ ಒಂದು ಕಾರ್ಡಿನ ದಪ್ಪಕ್ಕೆ ಒತ್ತಡ ಇಮ್ಮಡಿ ದಾಟಿತು ಎಂಬುದು ನಿದ್ದೆಗೆಡಿಸುವ ಸಂಗತಿಯೇ. ಕಾರಣ ಸರಳ. 9 ಎಂಎಂ ಕೇಸು ಪುಟ್ಟದು. ಗುಂಡು ಕೂತ ಮೇಲೆ ಕೆಳಗೆ ಉಳಿಯುವ ಕೋಣೆ ಇನ್ನೂ ಪುಟ್ಟದು. ಅದರಲ್ಲಿ 30 ಥೌ ಒತ್ತುವರಿಯಾದರೆ ಸುಮಾರು ಹತ್ತರಲ್ಲಿ ಒಂದು ಪಾಲು ಜಾಗ ಹೋದಂತೆ. ಪಿಸ್ತೂಲಿನ ಮದ್ದು ಬೇಗ ಉರಿಯುವ ಜಾತಿಯದು. ಜಾಗ ಕಿರಿದಾದಷ್ಟೂ ಉರಿ ಚುರುಕು, ಉರಿ ಚುರುಕಾದಷ್ಟೂ ಒತ್ತಡ, ಒತ್ತಡ ಏರಿದಷ್ಟೂ ಉರಿ ಇನ್ನೂ ಚುರುಕು.

ರೈಫಲ್ ತೋಟೆ ಕಟ್ಟಿ ಪಳಗಿದವರು ಇಲ್ಲಿ ಎಡವುವುದುಂಟು. ಅಲ್ಲಿ ಕೇಸು ದೊಡ್ಡದು. ಗುಂಡನ್ನು ಸುರುಳಿಗೀರಿನಿಂದ ತುಸು ಹಿಂದಕ್ಕೆ ಸರಿಸಿದರೆ ಒತ್ತಡ ಕಡಿಮೆಯಾಗುವುದೂ ಇದೆ. ಆ ಅನುಭವವನ್ನು ಪಿಸ್ತೂಲಿನ ಮೇಜಿಗೆ ತರಬಾರದು.

9 ಎಂಎಂ: ಹಟಮಾರಿ ಹುಡುಗ

ಮೊದಲು ಉರುಟು ಮೂತಿ. 1902ರಲ್ಲಿ ಲೂಗರ್ ಪಿಸ್ತೂಲಿಗೆಂದು ಹುಟ್ಟಿದ ಈ ತೋಟೆಯನ್ನು ಬಳಸುವ ಇಂದಿನ ಪಿಸ್ತೂಲುಗಳಲ್ಲಿ ಮ್ಯಾಗಜಿನ್ನಿನಿಂದ ನಳಿಗೆಗೆ ಏರುವ ಇಳಿಜಾರು ಹತ್ತಿ ಕೋಣೆಗೆ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಅತಿ ಸಲೀಸಾಗಿ ಜಾರುವುದು ಉರುಟು ಮೂತಿಯೇ. ಉದ್ದ ಹೆಚ್ಚಿಗೆ ಇಡಬಹುದು, ಮದ್ದಿಗೆ ಜಾಗ ಧಾರಾಳ, ಭುಜ ಹಿಂದೆಯೇ ಇರುವುದರಿಂದ ನಳಿಗೆಯ ತಂಟೆ ಕಡಿಮೆ. ಮೊದಲ ಸಾವಿರ ತೋಟೆ ಕಟ್ಟುವವರಿಗೆ ನಾನು ಇದರ ಹೊರತು ಬೇರೇನನ್ನೂ ಹೇಳುವುದಿಲ್ಲ. ಆದರೆ ಉರುಟು ಮೂತಿಗಳೆಲ್ಲ ಒಂದೇ ಅಲ್ಲ ಎಂಬುದು ನೆನಪಿರಲಿ. ಕೆಲವು ತಯಾರಕರ ಮೂತಿ ಕೋಳಿಮೊಟ್ಟೆಯ ಚೂಪು ತುದಿಯಂತೆ, ಕೆಲವರದು ಅದೇ ಮೊಟ್ಟೆಯ ಬುಡದಂತೆ ಗುಂಡಗೆ. ಎರಡನೆಯದರ ಭುಜ ಮುಂದಿರುತ್ತದೆ, ವರ್ತನೆ ಚಪ್ಪಟೆಯದಕ್ಕೆ ಹತ್ತಿರ. ಡಬ್ಬಿಯ ಮೇಲಿನ ಹೆಸರು ಒಂದೇ ಎಂದು ಹಳೆಯ ಅಳತೆಯಲ್ಲೇ ಮುಂದುವರಿಯಬಾರದು.

ಚಪ್ಪಟೆ ಮೂತಿಗೆ, ಅಂದರೆ ತುದಿ ಕತ್ತರಿಸಿದ ಶಂಕುವಿನಾಕಾರದ್ದಕ್ಕೆ, ತನ್ನದೇ ಆಕರ್ಷಣೆಯಿದೆ. ಕಾಗದದ ಗುರಿಯಲ್ಲಿ ರಂಧ್ರ ಕೊಂಚ ಸ್ವಚ್ಛವಾಗಿ ಬೀಳುತ್ತದೆ. ನನ್ನ ಪಿಸ್ತೂಲಿನಲ್ಲಿ ಗುರಿಯ ಮೇಲೆ ಬೀಳುವ ರಂಧ್ರಗಳ ಗುಂಪೂ ಬಿಗಿಯಾಗಿ ಬರುತ್ತದೆ. ನಿಮ್ಮದರಲ್ಲಿ ಬಂದೇ ಬರುತ್ತದೆ ಎಂದು ಮಾತು ಕೊಡಲಾರೆ. ಸ್ಪರ್ಧೆಗೆ ಹೋಗುವವರಲ್ಲಿ ಅನೇಕರು 147 ಗ್ರೇನಿನ ಚಪ್ಪಟೆ ಮೂತಿಯನ್ನು ಮೆಚ್ಚುತ್ತಾರೆ. ಯುಎಸ್‌ಪಿಎಸ್‌ಎ (ಅಮೆರಿಕದ ಪಿಸ್ತೂಲು ಸ್ಪರ್ಧೆಗಳ ಸಂಸ್ಥೆ) ಪಂದ್ಯಗಳಲ್ಲಿ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಕೆಳವರ್ಗಕ್ಕೆ ಕನಿಷ್ಠ 125 ಬರಬೇಕು. 147 ಗ್ರೇನಿನ ಗುಂಡು ಸೆಕೆಂಡಿಗೆ 900 ಅಡಿ ಹೋದರೂ 132 ಆಗುತ್ತದೆ, ಹೊಡೆತ ಮೆತ್ತಗೆ ಅನಿಸುತ್ತದೆ. ಆದರೆ ಭಾರದ ಗುಂಡು ಉದ್ದದ ಗುಂಡು. ಅದು ಕೇಸಿನ ಆಳಕ್ಕಿಳಿಯುತ್ತದೆ. 9 ಎಂಎಂ ಕೇಸಿನ ಗೋಡೆ ಕೆಳಗೆ ಹೋದಂತೆ ದಪ್ಪವಾಗುತ್ತದೆ. ಗುಂಡಿನ ಬುಡ ಆ ದಪ್ಪವನ್ನು ಮುಟ್ಟಿದರೆ ಕೇಸಿಗೆ ಹೊಟ್ಟೆ ಬರುತ್ತದೆ, ಬೆರಳಾಡಿಸಿದರೆ ತಿಳಿಯುವಷ್ಟು. ಹಾಗೆ ಹೊಟ್ಟೆ ಬಂದದ್ದು ಕೆಲವು ನಳಿಗೆಗಳೊಳಗೆ ಹೋಗುವುದೇ ಇಲ್ಲ.

ಟೊಳ್ಳು ಮೂತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಕಾರದಲ್ಲಿ ಅದು ಚಪ್ಪಟೆ ಮೂತಿಯ ತಮ್ಮ, ಕೂರಿಸುವ ಉದ್ದವೂ ಹಾಗೆಯೇ ಗಿಡ್ಡ. ತುದಿಯ ಬಾಯಿ ಒಂದೊಂದರಲ್ಲಿ ಒಂದೊಂದು ತರಹ ಇರುವುದರಿಂದ ಒಟ್ಟು ಉದ್ದ ಅಳೆದಾಗ ನಾಲ್ಕೈದು ಥೌ ಹೆಚ್ಚುಕಮ್ಮಿ ಕಾಣುತ್ತದೆ. ಗಾಬರಿ ಬೇಡ, ಆಳ ಹೆಚ್ಚುಕಡಿಮೆ ಒಂದೇ ಇರುತ್ತದೆ. ಗುರಿ ಅಭ್ಯಾಸಕ್ಕೆ ಇದು ದುಬಾರಿ ಶೋಕಿ.

ನಳಿಗೆಗಳ ಸ್ವಭಾವವೂ ಬೇರೆ ಬೇರೆ. ಸಿಜೆಡ್ 75 ಮನೆತನದ ಪಿಸ್ತೂಲುಗಳಲ್ಲಿ ಸುರುಳಿಗೀರು ಬೇಗ ಶುರುವಾಗುತ್ತದೆ ಎಂಬುದು ತೋಟೆ ಕಟ್ಟುವವರಲ್ಲಿ ಮನೆಮಾತು. ಅದು ದೋಷವಲ್ಲ, ವಿನ್ಯಾಸ. ಗುಂಡಿನ ಭುಜಕ್ಕೆ ಸಿಗುವ ಜಾಗ ಮಾತ್ರ ಕಡಿಮೆ. ಸೀಸಕ್ಕೆ ಪಾಲಿಮರ್ ಬಣ್ಣ ಹಚ್ಚಿದ ಗುಂಡುಗಳು ತಾಮ್ರದ ಹೊದಿಕೆಯವಕ್ಕಿಂತ ಸಾಮಾನ್ಯವಾಗಿ ಒಂದು ಥೌ ದಪ್ಪ. ಇಂಥ ನಳಿಗೆಯಲ್ಲಿ ಅವು ಮೊದಲು ಸಿಕ್ಕಿಬೀಳುತ್ತವೆ.

ಹಾಗಾದರೆ ನಿಮ್ಮ ನಳಿಗೆಗೆ ಎಷ್ಟು ಉದ್ದ? ಅದನ್ನು ನಳಿಗೆಯನ್ನೇ ಕೇಳಬೇಕು. ಪಿಸ್ತೂಲು ಖಾಲಿಯಿದೆ ಎಂದು ಎರಡು ಸಲ ನೋಡಿ, ಬಿಚ್ಚಿ, ನಳಿಗೆಯನ್ನು ಹೊರತೆಗೆಯಿರಿ. ಕೇಪೂ ಮದ್ದೂ ಇಲ್ಲದ ಒಂದು ಕೇಸಿಗೆ ಗುಂಡನ್ನು ಬೇಕೆಂದೇ ಉದ್ದವಾಗಿ ಕೂರಿಸಿ ಅದರೊಳಗೆ ಬಿಡಿ. ಸರಿಯಿದ್ದರೆ ‘ಟಣ್’ ಎಂಬ ಗಟ್ಟಿ ಸದ್ದು ಬರುತ್ತದೆ. ಬೆರಳಿನಿಂದ ತಿರುಗಿಸಿದರೆ ತಡೆಯಿಲ್ಲದೆ ತಿರುಗುತ್ತದೆ, ನಳಿಗೆಯನ್ನು ಬೋರಲು ಹಿಡಿದರೆ ತಾನಾಗಿ ಬೀಳುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ನಪಾಸು. ‘ಟಪ್’ ಎಂದು ಮೆತ್ತಗೆ ಸದ್ದಾಗಿ, ತಿರುಗಿಸಿದಾಗ ಏನೋ ಹಿಡಿದಂತಾದರೆ, ಗುಂಡಿಗೂ ಕೇಸಿನ ಬಾಯಿಗೂ ಕಪ್ಪು ಮಾರ್ಕರ್ ಹಚ್ಚಿ ಮತ್ತೆ ಹಾಕಿ ತಿರುಗಿಸಿ ತೆಗೆಯಿರಿ. ಗುಂಡಿನ ಭುಜದ ಮೇಲೆ ಮಸಿ ಅಳಿಸಿದ ಗೆರೆಗಳು ಕಂಡರೆ ಅದು ಸುರುಳಿಗೀರಿನ ರುಜು. ಇನ್ನೂ ಆಳಕ್ಕೆ ಕೂರಿಸಬೇಕು. ಮಸಿ ಕೇಸಿನ ಬಾಯಲ್ಲಿ ಅಳಿಸಿದ್ದರೆ ಉದ್ದ ಸರಿಯಿದೆ, ಗುಂಡು ಕೂರಿಸಲೆಂದು ಅಗಲಿಸಿದ ಬಾಯನ್ನು ಸರಿಯಾಗಿ ಮುಚ್ಚಿಲ್ಲ ಎಂದರ್ಥ. ಈ ಎರಡನೆಯ ತಪ್ಪಿಗೆ ಗುಂಡನ್ನು ಸುಮ್ಮನೆ ಒಳಗೊಳಗೆ ತಳ್ಳುತ್ತ ಹೋದವರನ್ನು ನೋಡಿದ್ದೇನೆ. ಕಾಯಿಲೆ ಒಂದು, ಔಷಧ ಇನ್ನೊಂದು, ಆ ಔಷಧಿಯೋ ವಿಷ.

ಐದೈದು ಥೌ ಇಳಿಸುತ್ತ ಬಂದು, ಮೊದಲ ಬಾರಿ ಪಾಸಾದ ಉದ್ದದಿಂದ ನಾನು ಇನ್ನೂ 15 ಥೌ ಕಳೆಯುತ್ತೇನೆ. ಯಂತ್ರದಲ್ಲಿ ಒಂದರಿಂದೊಂದಕ್ಕೆ ಅಳತೆ ಅಲುಗುತ್ತದೆ, ನಳಿಗೆಯಲ್ಲಿ ಮಸಿ ಕಟ್ಟುತ್ತದೆ, ಅದಕ್ಕೆ ಅಷ್ಟು ಅವಕಾಶ ಬೇಕು. ಹೀಗೆ ಸಿಕ್ಕ ಉದ್ದ ಕೈಪಿಡಿಯಲ್ಲಿ ಅದೇ ಗುಂಡಿಗೆ ಕೊಟ್ಟ ಉದ್ದಕ್ಕಿಂತ ಕಡಿಮೆಯಿದ್ದರೆ ಅಲ್ಲಿ ಕೊಟ್ಟ ಮದ್ದಿನ ಆರಂಭದ ಅಳತೆಯಿಂದಲೇ ಶುರು ಮಾಡಿ, ಕಣ್ಣಿಟ್ಟು ಏರಬೇಕು. ತೀರ ಕಡಿಮೆಯಾದರೆ ಆ ನಳಿಗೆಗೆ ಆ ಗುಂಡು ಸಲ್ಲದು ಎಂದು ಬಿಟ್ಟುಬಿಡುವುದು ಮೇಲು. ಮದ್ದಿನ ತೂಕದ ಒಂದೇ ಒಂದು ಅಂಕಿಯನ್ನೂ ನಾನಿಲ್ಲಿ ಬರೆಯುವುದಿಲ್ಲ. ಅದು ನಿಮ್ಮದೇ ಗುಂಡಿಗೆ, ನಿಮ್ಮದೇ ಮದ್ದಿಗೆ ತಯಾರಕರು ಪ್ರಕಟಿಸಿದ ಪಟ್ಟಿಯಿಂದ ಬರಬೇಕು, ನನ್ನಂಥವನ ಬಾಯಿಂದಲ್ಲ.

.45 ಎಸಿಪಿ: ಉಗುರಿನ ದಪ್ಪದ ಭುಜ

ಈ ತೋಟೆಗೆ ಬಂದರೆ ಉಸಿರಾಟ ಸರಾಗ. ಅಮೆರಿಕದ ತಯಾರಕರ ಮಾನಕ ಸಂಸ್ಥೆ ಸಾಮಿ (ನಮ್ಮ ಹಳ್ಳಿಯ ಸಾಮಿಗೂ ಇದಕ್ಕೂ ಸಂಬಂಧವಿಲ್ಲ, ಮಾತು ಮೀರಬಾರದು ಎನ್ನುವುದೊಂದೇ ಸಾಮ್ಯ) 9 ಎಂಎಂಗೆ ವಿಧಿಸಿದ ಒತ್ತಡದ ಮಿತಿ 35,000 ಪಿಎಸ್‌ಐ, .45ಕ್ಕೆ 21,000. ಕೇಸು ದೊಡ್ಡದು, ಒತ್ತಡ ಸೌಮ್ಯ. ಅಲ್ಪಸ್ವಲ್ಪ ಆಳದ ಏರುಪೇರನ್ನು ಇದು 9 ಎಂಎಂನಷ್ಟು ಕಠಿಣವಾಗಿ ಶಿಕ್ಷಿಸುವುದಿಲ್ಲ. ಕ್ಷಮಿಸುತ್ತದೆ ಎಂದು ಸಲುಗೆ ತೆಗೆದುಕೊಳ್ಳಬಾರದು, ಅಷ್ಟೇ.

ಇಲ್ಲಿಯ ಆಯ್ಕೆ ನಿಜಕ್ಕೂ ಇಬ್ಬರ ನಡುವಿನದು: 230 ಗ್ರೇನಿನ ಉರುಟು ಮೂತಿ, 200 ಗ್ರೇನಿನ ಸೆಮಿ ವಾಡ್‌ಕಟರ್. ಜಾನ್ ಬ್ರೌನಿಂಗ್ ರೂಪಿಸಿದ 1911 ಪಿಸ್ತೂಲು ಹುಟ್ಟಿದ್ದೇ 230 ಗ್ರೇನಿನ ಉರುಟು ಗುಂಡಿಗೆ. ಗರಿಷ್ಠ ಉದ್ದ 1.275 ಇಂಚು, ಅದಕ್ಕಿಂತ ಹತ್ತು ಥೌ ಕಡಿಮೆ ಇಟ್ಟರೆ ಹಳೆಯ ಸೇನಾ ಪಿಸ್ತೂಲೂ ತಕರಾರಿಲ್ಲದೆ ನುಂಗುತ್ತದೆ. ಸೆಮಿ ವಾಡ್‌ಕಟರ್ ಎಂದರೆ ಶಂಕುವಿನಂಥ ಮೂತಿ, ಅದರ ಕೆಳಗೆ ಚೂಪಾಗಿ ಕತ್ತರಿಸಿದಂಥ ಭುಜ. ಕಾಗದದಲ್ಲಿ ಅಂಚು ಹರಿಯದ ದುಂಡು ರಂಧ್ರ ಮಾಡುವುದು ಆ ಭುಜವೇ. ರಂಧ್ರ ಗೆರೆಯನ್ನು ಮುಟ್ಟಿದೆಯೋ ಇಲ್ಲವೋ ಎಂದು ಲೆನ್ಸ್ ಹಿಡಿದು ಜಗಳವಾಡುವ ಗುರಿಕಾರರಿಗೆ ಅದರ ಬೆಲೆ ಗೊತ್ತು. ಹೆನ್ಸ್‌ಲಿ ಅಂಡ್ ಗಿಬ್ಸ್ ಅಚ್ಚಿನ 68ನೇ ನಮೂನೆ ಈ ಜಾತಿಗೆ ಮೂಲಪುರುಷ. ಇಂದು ಮಾರುವ 200 ಗ್ರೇನಿನ ಬಹಳಷ್ಟು ಗುಂಡುಗಳು ಅದರ ನೆರಳೇ.

ಈ ಗುಂಡಿಗೆ ಒಟ್ಟು ಉದ್ದ ಹೇಳುವುದು ದಿಕ್ಕು ತಪ್ಪಿಸಿದಂತೆ, ಏಕೆಂದರೆ ಮೂತಿಯ ಉದ್ದ ಅಚ್ಚಿನಿಂದ ಅಚ್ಚಿಗೆ ಬೇರೆ. ಇಲ್ಲಿಯ ಹಿರಿಯರು ಹೇಳುವ ಅಳತೆಯನ್ನೇ ನಾನು ನಂಬುತ್ತೇನೆ: ಭುಜ ಕೇಸಿನ ಬಾಯಿಂದ ಹೆಬ್ಬೆರಳ ಉಗುರಿನ ದಪ್ಪದಷ್ಟು ಹೊರಗೆ ಕಾಣಬೇಕು. 68ರ ನಮೂನೆಯಲ್ಲಿ ಹೀಗೆ ಕೂರಿಸಿದರೆ ಒಟ್ಟು ಉದ್ದ 1.250ರ ಆಸುಪಾಸಿಗೆ ಬರುತ್ತದೆ. ಭುಜ ಪೂರ್ತಿ ಒಳಗೆ ಮುಳುಗಿದರೆ ಇಳಿಜಾರಿನ ಮೇಲೆ ಕೇಸಿನ ಬರಿಯ ಬಾಯಿ ತಗುಲಿ ನಿಲ್ಲುತ್ತದೆ. ಹೆಚ್ಚು ಹೊರಬಂದರೆ ಸ್ಲೈಡ್ ಮುಚ್ಚಿಕೊಳ್ಳುವ ಕೊನೆಯ ಗಳಿಗೆಯಲ್ಲಿ ಹಿಡಿದುಕೊಳ್ಳುತ್ತದೆ. ಅಜ್ಜ ಇದ್ದಿದ್ದರೆ ಬೆರಳು ಬಿಟ್ಟು ಉಗುರಿಗೆ ಬಂದಿರಲ್ಲ ಎನ್ನುತ್ತಿದ್ದರೇನೋ.

ಸೆಮಿ ವಾಡ್‌ಕಟರ್ ಕೊಳ್ಳುವ ಮೊದಲು ನಿಮ್ಮ ಪಿಸ್ತೂಲು ಅದನ್ನು ನುಂಗುತ್ತದೆಯೇ ಎಂದು ಐವತ್ತು ತೋಟೆಯಲ್ಲಿ ಪರೀಕ್ಷಿಸಿ. ಎರಡು ಸಾವಿರದ ಪೆಟ್ಟಿಗೆ ತಂದ ಮೇಲೆ ಪರೀಕ್ಷಿಸುವುದು ಹೆಣ್ಣು ನೋಡುವ ಶಾಸ್ತ್ರವನ್ನು ತಾಳಿ ಕಟ್ಟಿದ ಮೇಲೆ ಮಾಡಿದಂತೆ.

.38 ಸ್ಪೆಷಲ್: ಮುಳುಗಿ ಕೂರುವ ಗುಂಡು

ರಿವಾಲ್ವರ್‌ನಲ್ಲಿ ಇಳಿಜಾರಿಲ್ಲ, ಮ್ಯಾಗಜಿನ್ ಇಲ್ಲ. ತೋಟೆಯನ್ನು ಕೈಯಿಂದಲೇ ಸಿಲಿಂಡರಿನ ತೂತಿಗೆ ಹಾಕುವುದು. ಹಾಗಾಗಿ ಮೂತಿ ಹೇಗಿದ್ದರೂ ನಡೆಯುತ್ತದೆ, ಮೂತಿಯೇ ಇಲ್ಲದಿದ್ದರೂ ನಡೆಯುತ್ತದೆ. 148 ಗ್ರೇನಿನ ವಾಡ್‌ಕಟರ್ ಅಂಥದ್ದು: ಸೀಮೆಸುಣ್ಣದ ತುಂಡಿನಂಥ ಸಿಲಿಂಡರ್, ಎರಡೂ ತುದಿ ಬೋಳು. ಇದನ್ನು ಕೇಸಿನ ಬಾಯಿಗೆ ಸಮವಾಗಿ ಮುಳುಗಿಸಿ ಕೂರಿಸುತ್ತಾರೆ. ಮೊದಲ ಸಲ ನೋಡಿದವರು ಗುಂಡೆಲ್ಲಿ ಎಂದು ಕೇಳುತ್ತಾರೆ.

ಇಷ್ಟು ಆಳವೇ ಎಂದು 9 ಎಂಎಂನ ಪಾಠ ಕಲಿತವರು ಹೌಹಾರಬಹುದು. .38 ಸ್ಪೆಷಲ್ 1898ರಲ್ಲಿ ಕಪ್ಪುಮದ್ದಿನ ಕಾಲದ ಅಳತೆಯಲ್ಲಿ ಬಂದದ್ದು. 1.155 ಇಂಚಿನ ಆ ಉದ್ದನೆಯ ಕೇಸಿನಲ್ಲಿ ಇಂದಿನ ಹೊಗೆರಹಿತ ಮದ್ದು ತಳದಲ್ಲಿ ಒಂದಿಷ್ಟು ಬಿದ್ದಿರುತ್ತದೆ, ಮಿಕ್ಕಿದ್ದೆಲ್ಲ ಗಾಳಿ. ಆ ಖಾಲಿಯನ್ನು ವಾಡ್‌ಕಟರ್ ತುಂಬುತ್ತದೆ, ಉರಿ ಒಂದೇ ಹದಕ್ಕೆ ಬರುತ್ತದೆ. ಆದರೆ ಅದರ ಮದ್ದಿನ ಪಟ್ಟಿಯೇ ಪ್ರತ್ಯೇಕ. ಅದೇ ತೂಕದ ಬೇರೆ ಆಕಾರದ ಗುಂಡಿನ ಪಟ್ಟಿಯನ್ನು ಇದಕ್ಕೆ ಹಚ್ಚಿದರೆ 17,000 ಪಿಎಸ್‌ಐ ಮಿತಿಯ ಈ ಸಾಧು ತೋಟೆ ಸಾಧುವಾಗಿ ಉಳಿಯುವುದಿಲ್ಲ. ಬುಡ ಟೊಳ್ಳಿರುವ ವಾಡ್‌ಕಟರ್‌ನಲ್ಲಿ ಇನ್ನೊಂದು ಅಪಾಯವಿದೆ. ಮದ್ದು ಹೆಚ್ಚಾದರೆ ತೆಳುವಾದ ಲಂಗದಂಥ ಅಂಚು ಹರಿದು ನಳಿಗೆಯಲ್ಲೇ ಉಳಿಯಬಹುದು. ಅದರ ಹಿಂದೆ ಮುಂದಿನ ಗುಂಡು ಬಂದರೆ ನಳಿಗೆಯ ಕಥೆ ಮುಗಿಯಿತು. ಈ ಗುಂಡು ಮೆಲ್ಲಗೆ ಹೋಗುವುದಕ್ಕೇ ಹುಟ್ಟಿದ್ದು. ಮೆಲ್ಲಗೆ ಹೋಗಲು ಬಿಡಬೇಕು.

ನಿಖರತೆಯಲ್ಲಿ ಇದಕ್ಕೆ ಸಾಟಿ ಕಡಿಮೆ. ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ .32 ಮತ್ತು .38 ವಾಡ್‌ಕಟರ್‌ಗಳದೇ ದರ್ಬಾರು. 1994ರ ಹಿರೋಷಿಮಾ, 2006ರ ದೋಹಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದದ್ದು ಇದೇ ವಿಭಾಗದಲ್ಲಿ. ದೋಹಾದಲ್ಲಿ 600ಕ್ಕೆ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು.

ದೂರಕ್ಕೆ ಹೊಡೆಯಬೇಕು, ಹೊಡೆತದಲ್ಲಿ ಕೊಂಚ ಗತ್ತು ಬೇಕು ಎನ್ನುವವರಿಗೆ 158 ಗ್ರೇನಿನ ಸೆಮಿ ವಾಡ್‌ಕಟರ್. ಇಡಾಹೋದ ದನಗಾಹಿ ರೈತ ಎಲ್ಮರ್ ಕೀತ್ 1920ರ ದಶಕದ ಕೊನೆಯಲ್ಲಿ ರೂಪಿಸಿದ ಆಕಾರದ ವಂಶ ಇದು. ಮೈಯ ಮೇಲೆಯೇ ಅಡ್ಡ ತೋಡು ಕೊರೆದಿರುತ್ತದೆ. ಕೇಸಿನ ಬಾಯಿ ಎಲ್ಲಿ ಬರಬೇಕು ಎಂದು ಗುಂಡೇ ಹೇಳುತ್ತದೆ. ಕ್ಯಾಲಿಪರ್‌ಗೆ ಅಂದು ರಜೆ.

ಒಳಗೆ ತಳ್ಳುವುದು, ಹೊರಗೆ ಎಳೆಯುವುದು

ಕೂರಿಸಿದ ಆಳ ಕೂರಿಸಿದಲ್ಲೇ ಉಳಿಯಬೇಕಲ್ಲ. ಪಿಸ್ತೂಲಿನಲ್ಲಿ ತೋಟೆ ಇಳಿಜಾರಿಗೆ ಬಡಿದಾಗ ಗುಂಡು ಒಳಕ್ಕೆ ಸರಿಯಲು ನೋಡುತ್ತದೆ. ಒಂದೇ ತೋಟೆಯನ್ನು ಮತ್ತೆ ಮತ್ತೆ ತುಂಬಿ ತೆಗೆದರೆ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಮೇಲೆ ಹೇಳಿದ ಎಟಿಎಂ ಕಾರ್ಡಿನ ದಪ್ಪ ಹಾಗೆಯೇ ಕಳ್ಳನಂತೆ ಒಳಬರುತ್ತದೆ. 1990ರಲ್ಲಿ ಬಂದ .40 ಎಸ್ ಅಂಡ್ ಡಬ್ಲ್ಯೂ ತೋಟೆಗೆ ಈ ವಿಷಯದಲ್ಲಿ ಕೆಟ್ಟ ಹೆಸರೇ ಇದೆ. ಗುಂಡನ್ನು ಹಿಡಿದಿಡುವುದು ಕೇಸಿನ ಕತ್ತಿನ ಬಿಗಿತ. ತುದಿಯನ್ನು ಒತ್ತುವ ಕ್ರಿಂಪ್ ಅಲ್ಲ. ಪಿಸ್ತೂಲಿನ ಈ ತೋಟೆಗಳು ಕೋಣೆಯಲ್ಲಿ ನಿಲ್ಲುವುದು ಕೇಸಿನ ಬಾಯಿಯ ಆಧಾರದಲ್ಲಿ, ಹಾಗಾಗಿ ಬಾಯನ್ನು ಮಡಚುವಂತಿಲ್ಲ. ಕೂರಿಸುವಾಗ ಅಗಲಿಸಿದ ಬಾಯನ್ನು ನೆಟ್ಟಗೆ ಮಾಡಿದರೆ ಸಾಕು. ಅತಿಯಾಗಿ ಒತ್ತಿದರೆ ತೆಳುವಾದ ತಾಮ್ರ ಲೇಪದ ಗುಂಡುಗಳ ಮೈ ಸೀಳುತ್ತದೆ, ಹಿಡಿತವೂ ಸಡಿಲವಾಗುತ್ತದೆ. ನಾನು ಪ್ರತಿ ಸರಣಿಯಲ್ಲೂ ಮದ್ದಿಲ್ಲದ, ಕೇಪಿಲ್ಲದ ಒಂದನ್ನು ಕಟ್ಟಿ, ಅಳೆದು, ಮೂತಿಯನ್ನು ಮೇಜಿನ ಅಂಚಿಗೆ ಒತ್ತಿ ಹೆಬ್ಬೆರಳಿನಿಂದ ಬಲವಾಗಿ ತಳ್ಳಿ, ಮತ್ತೆ ಅಳೆಯುತ್ತೇನೆ. ಅಳತೆ ಬದಲಾದರೆ ಆ ಸರಣಿ ಅಲ್ಲಿಗೇ ನಿಲ್ಲುತ್ತದೆ.

ರಿವಾಲ್ವರ್‌ನಲ್ಲಿ ಎಲ್ಲ ತಿರುಗುಮುರುಗು. ಗುಂಡು ಹಾರಿದಾಗ ಹಿಂದಕ್ಕೆ ಬರುವ ಒದೆತಕ್ಕೆ ಉಳಿದ ತೋಟೆಗಳ ಗುಂಡು ಹೊರಕ್ಕೆ ಸರಿಯುತ್ತದೆ, ಮೂತಿ ಸಿಲಿಂಡರಿನಾಚೆ ಇಣುಕಿದರೆ ಸಿಲಿಂಡರ್ ತಿರುಗದೆ ನಿಂತುಬಿಡುತ್ತದೆ. ಅಲ್ಲಿ ಬಾಯನ್ನು ತೋಡಿನೊಳಕ್ಕೆ ಮಡಚುವುದೇ ಸರಿ. ಮೃದುವಾದ ವಾಡ್‌ಕಟರ್ ತೋಟೆಗೆ ಸಣ್ಣ ಮಡಿಕೆ ಸಾಕು, .357 ಮ್ಯಾಗ್ನಮ್‌ಗೆ ಗಟ್ಟಿಯಾದದ್ದೇ ಬೇಕು.

ಇನ್ನು ನಾನಾದರೆ ಏನು ಕೊಳ್ಳುತ್ತೇನೆ? 9 ಎಂಎಂಗೆ ಉರುಟು ಮೂತಿಯ 124 ಗ್ರೇನ್, ವಾದವೇ ಇಲ್ಲ. 115 ಗ್ರೇನಿನದು ಅಗ್ಗ, ಆದರೆ ಗಿಡ್ಡ ಗುಂಡಾದ್ದರಿಂದ ಉದ್ದ ಇಟ್ಟರೆ ಕೇಸಿನೊಳಗೆ ಹಿಡಿತ ಕಡಿಮೆ. 147 ಗ್ರೇನ್ ಸ್ಪರ್ಧೆಗೆ ಹೋಗುವವರೆಗೆ ಬೇಕಿಲ್ಲ. ಚಪ್ಪಟೆ ಮೂತಿಯನ್ನು ಈಗಲೂ ಕಟ್ಟುತ್ತೇನೆ, ನಳಿಗೆಯನ್ನು ಕೇಳಿಯೇ ಕಟ್ಟುತ್ತೇನೆ. .45ಕ್ಕೆ ಸೆಮಿ ವಾಡ್‌ಕಟರ್ ಮೇಲೆ ಪ್ರೀತಿ, ಆದರೆ ಪಿಸ್ತೂಲು ಎರವಲು ಕೊಡುವ ದಿನ ಉರುಟು ಮೂತಿಯನ್ನೇ ಜೊತೆಗೆ ಕಳಿಸುತ್ತೇನೆ. ರಿವಾಲ್ವರ್ ಇದ್ದು ವಾಡ್‌ಕಟರ್ ಹಾರಿಸದವರನ್ನು ಕಂಡರೆ ಮಾವಿನ ಮರದ ಕೆಳಗೆ ಕೂತು ಮಾರುಕಟ್ಟೆಯ ಹಣ್ಣು ತಿನ್ನುವವರನ್ನು ಕಂಡಂತಾಗುತ್ತದೆ. ಆತ್ಮರಕ್ಷಣೆಗೆಂದು ಇಟ್ಟುಕೊಂಡ ಪಿಸ್ತೂಲಿಗೆ ಮಾತ್ರ ಕಾರ್ಖಾನೆಯ ತೋಟೆ. ನನ್ನ ಕೈಕೆಲಸವನ್ನು ಅಲ್ಲಿಗೆ ತರುವುದಿಲ್ಲ.

ಡಬ್ಬಿಯ ಮೇಲೆ ಹಿಂದೆಲ್ಲ ಗುಂಡಿನ ತೂಕ, ಮದ್ದು, ಒಟ್ಟು ಉದ್ದ ಎಂದು ಮೂರು ಸಾಲು ಬರೆಯುತ್ತಿದ್ದೆ. ಈಗ ಐದು: ತಯಾರಕರು ಯಾರು, ಮೂತಿ ಯಾವುದು, ಒಟ್ಟು ಉದ್ದ ಎಷ್ಟು, ಒಳಗಿನ ಆಳ ಎಷ್ಟು, ಯಾವ ನಳಿಗೆಯಲ್ಲಿ ಹಾಕಿ ನೋಡಿದ್ದು. ಮದ್ದಿನ ವಿವರ ಡಬ್ಬಿಯ ಮುಚ್ಚಳದೊಳಗೆ. ಮೂತಿಯ ಮುಂದೆ ಹೆಸರು ಬರೆಯುವ ಬದಲು ಪೆನ್ಸಿಲ್ಲಿನಲ್ಲಿ ಅದರ ಚಿತ್ರ ಬಿಡಿಸುತ್ತೇನೆ, ಭುಜ ಶುರುವಾಗುವಲ್ಲಿ ಒಂದು ಅಡ್ಡಗೆರೆ ಹಾಕಿ.